ವರ್ಣವಳಿದ ಶರಣರು ಮತ್ತು ಹುಟ್ಟೂರಿನ ಬಣ್ಣ

‘ವರ್ಣ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಮೂರು ಅರ್ಥಗಳುಂಟು. ಕಣ್ಣಿಗೆ ಕಾಣುವ ಬಣ್ಣ ಒಂದು. ನಾಲಗೆ ನುಡಿಯುವ ಅಕ್ಷರ ಇನ್ನೊಂದು. ಹುಟ್ಟನ್ನು ನೋಡಿ ಮನುಷ್ಯನನ್ನು ಮೇಲು ಕೀಳೆಂದು ವಿಂಗಡಿಸುವ ಭೇದ ಮತ್ತೊಂದು. 12ನೆಯ ಶತಮಾನದ ಶಿವಶರಣರು ಮೊದಲ ಎರಡನ್ನು ಪ್ರೀತಿಯಿಂದ ಅಪ್ಪಿಕೊಂಡರು, ಮೂರನೆಯದನ್ನು ನಿಷ್ಠುರವಾಗಿ ತಳ್ಳಿಹಾಕಿದರು. ವಚನ ಸಾಹಿತ್ಯವು ಬಣ್ಣಗೆಟ್ಟ ಸಾಹಿತ್ಯವೆಂದು ಯಾರಾದರೂ ಭಾವಿಸಿದರೆ ಅದು ತಪ್ಪು ತಿಳಿವಳಿಕೆ. ತನ್ನ ಒಡೆಯನನ್ನು ಮಲ್ಲಿಗೆಯ ಹೆಸರಿನಿಂದಲೇ ಕರೆದ ಅಕ್ಕಮಹಾದೇವಿಯವರು ಕಾಡಿನ ಗಿಳಿ, ನವಿಲು, ತುಂಬಿಗಳನ್ನು ತಡೆದು ಅವನ ಸುಳಿವನ್ನು ಕೇಳಿದವರು. ಕಾಯಕದ ನಡುವೆ ಬಾಳಿದ ಶರಣರಿಗೆ ನೂಲಿನ ಬಣ್ಣ, ಚರ್ಮದ ಬಣ್ಣ, ಕಾದ ಕಬ್ಬಿಣದ ಬಣ್ಣ ಇವೆಲ್ಲ ನಿತ್ಯದ ನೋಟಗಳಾಗಿದ್ದವು. ಬಣ್ಣವನ್ನು ಅವರು ನಿರಾಕರಿಸಲಿಲ್ಲ. ಬಣ್ಣದ ಮೇಲೆ ಬೆಲೆ ಕಟ್ಟುವ ಬುದ್ಧಿಯನ್ನು ನಿರಾಕರಿಸಿದರು.

ಈ ಮಾತಿಗೆ ವಿಭೂತಿಗಿಂತ ಹತ್ತಿರದ ನಿದರ್ಶನ ಬೇರೆ ಬೇಕಿಲ್ಲ. ನಂದಾ, ಭದ್ರಾ, ಸುರಭಿ, ಸುಶೀಲಾ, ಸುಮನಾ ಎಂಬ ಐದು ಗೋವುಗಳಿಂದ ಐದು ಬಗೆಯ ಭಸ್ಮವುಂಟಾಯಿತೆಂದು ಶಾಸ್ತ್ರಗಳು ಹೇಳುತ್ತವೆ. ಆ ಐದು ಹಸುಗಳ ಮೈಬಣ್ಣ ಒಂದೇ ಅಲ್ಲ. ಒಂದು ಕಪಿಲೆ, ಒಂದು ಕರಿಯದು, ಹೀಗೆ ಬೇರೆ ಬೇರೆ. ಹಸುವಿನ ಬಣ್ಣ ಯಾವುದಾದರೇನು, ಸಗಣಿ ಉರಿದು ಉಳಿದ ಬೂದಿ ಬೆಳ್ಳಗೇ ಇರುತ್ತದೆ. ಹಣೆಗೆ ಧರಿಸುವಾಗ ಯಾವ ಭಕ್ತನೂ ‘ಇದು ಯಾವ ಬಣ್ಣದ ಹಸುವಿನದು’ ಎಂದು ಕೇಳುವುದಿಲ್ಲ. ಆದರೆ ಅದೇ ಭಕ್ತ ಮಗನಿಗೆ ಹೆಣ್ಣು ನೋಡಲು ಹೊರಟಾಗ ಏನೇನು ಕೇಳುತ್ತಾನೆ ಎಂಬುದು ಬೇರೆಯ ಸಂಗತಿ. ಈ ಲೇಖನದ ವಿಚಾರವೂ ಅದೇ.

ಮನುಷ್ಯನಿಗೆ ತನ್ನ ಊರು ನೆನಪಾಗುವುದು ಹಲವು ವೇಳೆ ಬಣ್ಣದ ಮೂಲಕ. ತುಮಕೂರು ಜಿಲ್ಲೆಯ ಉತ್ತರ ಭಾಗದ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಂದ ಹೊರಟು ಬೆಂಗಳೂರಿನಲ್ಲೋ ಮತ್ತೆಲ್ಲೋ ನೆಲೆಸಿದ ಭಕ್ತರು ಜಾತ್ರೆಗೆಂದು ಶ್ರೀಮಠಗಳಿಗೆ ಮರಳಿದಾಗ ಆಡುವ ಮೊದಲ ಮಾತುಗಳನ್ನು ಕೇಳಿಸಿಕೊಂಡವರಿಗೆ ಇದು ತಿಳಿಯುತ್ತದೆ. ಮಧುಗಿರಿಯವರಿಗೆ ಆ ಏಕಶಿಲಾ ಬೆಟ್ಟದ ಬೂದುಗಪ್ಪು. ಮಳೆ ನಿಂತ ಮೇಲೆ ಬಂಡೆಯ ಮೇಲಿಂದ ನೀರಿಳಿದ ಗುರುತು ಕರಿಯ ಗೆರೆಗಳಾಗಿ ಉಳಿದಿರುತ್ತದೆ; ಬಸ್ಸಿನ ಕಿಟಕಿಯಿಂದ ಆ ಗೆರೆಗಳು ಕಂಡರೆ ಮನೆ ಬಂತು ಎಂದು ಲೆಕ್ಕ. ಕೊರಟಗೆರೆಯವರಿಗೆ ಸಿದ್ಧರಬೆಟ್ಟದ ಹಸುರು ಮತ್ತು ಜಯಮಂಗಲಿಯ ದಡದ ತೆಂಗು ಅಡಕೆ. ಶಿರಾ ಮತ್ತು ಪಾವಗಡದವರಿಗೆ ಕೆಮ್ಮಣ್ಣು, ಅಲ್ಲಲ್ಲಿ ಎರೆ, ಮುಂಗಾರು ಹಿಡಿದ ವರ್ಷ ಶೇಂಗಾ ಹೊಲದ ಸಣ್ಣ ಹಳದಿ ಹೂವು, ಹಿಡಿಯದ ವರ್ಷ ಬರಿಯ ಕೆಂಪು. ಊರ ಗುಡಿಯ ಗೋಡೆಗೆ, ಮಠದ ಮೆಟ್ಟಿಲಿಗೆ ಬಳಿಯುವ ಕೆಮ್ಮಣ್ಣು ಸುಣ್ಣಗಳ ಪಟ್ಟೆಯೂ ಈ ನೆಲದಿಂದ ಎದ್ದ ಬಣ್ಣವೇ. ಕುರುಬರು ನೇಯುವ ಕರಿಯ ಕಂಬಳಿಗೆ ಬಣ್ಣ ಹಾಕುವವರಿಲ್ಲ. ಕುರಿ ಹೊತ್ತು ತಂದ ಕಪ್ಪೇ ಅದು. ಆ ಕಂಬಳಿಯನ್ನು ಹಾಸಿ ಗದ್ದುಗೆ ಮಾಡುತ್ತಾರೆ. ಕಪ್ಪು ಅಶುಭವೆನ್ನುವ ನಾಡಿನಲ್ಲಿಯೇ ಗೌರವದ ಆಸನ ಕಪ್ಪಾಗಿರುವುದು, ಎದೆಯ ಮೇಲಿನ ಇಷ್ಟಲಿಂಗದ ಹೊದಿಕೆಯೂ ಕಪ್ಪಾಗಿರುವುದು ಚಿಂತನೀಯ.

ಶಿರಾ ತಾಲ್ಲೂಕಿನ ಕಗ್ಗಲಡುವಿನ ವಿಷಯವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಊರ ನಡುವಿನ ಹುಣಿಸೆ ಮರಗಳಲ್ಲಿ ಪ್ರತಿವರ್ಷ ಗೂಡು ಕಟ್ಟುವ ಹಕ್ಕಿಗೆ ಕನ್ನಡದಲ್ಲಿ ಬಣ್ಣದ ಕೊಕ್ಕರೆ ಎಂದೇ ಹೆಸರು. ರೆಕ್ಕೆಯ ಹಿಂಭಾಗದಲ್ಲಿ ಗುಲಾಬಿ, ಎದೆಗೆ ಕಪ್ಪು ಪಟ್ಟಿ, ಹಳದಿ ಕೊಕ್ಕು. ಹುಟ್ಟಿದ ಮರಿಗೆ ಈ ಯಾವ ಸಿಂಗಾರವೂ ಇರುವುದಿಲ್ಲ. ಅದು ಮಸುಕು ಬಿಳುಪಿನದು, ಬಳಿಕ ಕಂದು. ಬಣ್ಣ ತುಂಬಲು ಎರಡು ಮೂರು ವರ್ಷ ಬೇಕು. ಮಧುಗಿರಿಯ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿರುವ ಕೃಷ್ಣಮೃಗದ ಕಥೆಯೂ ಹೀಗೆಯೇ: ಗಂಡು ಮರಿ ಹುಟ್ಟುವಾಗ ಕಂದು, ಪ್ರಾಯ ತುಂಬಿದಂತೆ ಬೆನ್ನು ಕಪ್ಪು. ಕೊಕ್ಕರೆಯ ಹಿಕ್ಕೆ ಅಂಗಳಕ್ಕೆ ಬೀಳುತ್ತದೆ, ಹುಣಿಸೆಯ ಫಸಲು ಕೆಡುತ್ತದೆ. ಆದರೂ ಕಗ್ಗಲಡುವಿನ ಜನ ಅವುಗಳನ್ನು ಓಡಿಸುವುದಿಲ್ಲ. ನಮ್ಮೂರಿನ ಹಕ್ಕಿ ಎನ್ನುತ್ತಾರೆ. ಬಣ್ಣ ಬರುವ ಮೊದಲೂ ಅದು ಊರಿನದೇ, ಬಂದ ಮೇಲೂ ಊರಿನದೇ.

ಆದರೆ ಇದೇ ಸೀಮೆಯಲ್ಲಿ ಮನುಷ್ಯರ ಮೇಲೂ ಊರು ಒಂದು ಬಣ್ಣವನ್ನು ಬರೆಯುತ್ತದೆ. ಅದನ್ನು ಕುರಿತು ಮಾತ್ರ ಯಾರೂ ಹೆಮ್ಮೆಯಿಂದ ಮಾತನಾಡುವುದಿಲ್ಲ. ಅದು ಹಲ್ಲಿನ ಮೇಲಿನ ಬಣ್ಣ.

ಪಾವಗಡದ ಹೆಸರು ಕರ್ನಾಟಕದಲ್ಲಿ ಫ್ಲೋರೈಡ್ ಬಾಧೆಯಿರುವ ತಾಲ್ಲೂಕುಗಳಲ್ಲಿ ಮುಂಚೂಣಿಯಲ್ಲಿ ಬರುತ್ತದೆ. ಮಧುಗಿರಿ, ಶಿರಾ ಮತ್ತು ಕೊರಟಗೆರೆಯ ಹಲವು ಗ್ರಾಮಗಳ ಕೊಳವೆಬಾವಿಗಳಲ್ಲಿಯೂ ಅದು ಮಿತಿಗಿಂತ ಹೆಚ್ಚು ಕಂಡುಬಂದಿದೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ದಾಟಬಾರದು. ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಕಣಶಿಲೆಯ ನೆಲದೊಳಗೆ ಬಹುಕಾಲ ನಿಂತ ನೀರು ಆ ಶಿಲೆಯಿಂದ ಫ್ಲೋರೈಡನ್ನು ಕರಗಿಸಿಕೊಂಡು ಬರುತ್ತದೆ. ನೋಟಕ್ಕೆ ತಿಳಿನೀರು, ರುಚಿಗೂ ದೋಷವಿಲ್ಲ. ಅಂದರೆ ಬಣ್ಣ ಕೊಡುವ ವಸ್ತುವಿಗೇ ಬಣ್ಣವಿಲ್ಲ.

ಈ ಬಣ್ಣ ಮೂಡುವ ಕ್ರಮವನ್ನು ಭಕ್ತರು ಸರಿಯಾಗಿ ತಿಳಿಯುವುದು ಅಗತ್ಯ, ಏಕೆಂದರೆ ಅದನ್ನು ತಿಳಿಯದೆಯೇ ಅನೇಕ ಅನ್ಯಾಯಗಳು ನಡೆಯುತ್ತಿವೆ. ಮಗು ಹುಟ್ಟಿದಂದಿನಿಂದ ಸುಮಾರು ಎಂಟು ವರ್ಷದವರೆಗೆ ಅದರ ಶಾಶ್ವತ ಹಲ್ಲುಗಳ ಮೇಲ್ಕವಚ ವಸಡಿನೊಳಗೆ ರೂಪುಗೊಳ್ಳುತ್ತಿರುತ್ತದೆ. ಆ ಕಾಲದಲ್ಲಿ ಕುಡಿದ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದ್ದರೆ ಕವಚ ಸರಿಯಾಗಿ ಗಟ್ಟಿಗೊಳ್ಳುವುದಿಲ್ಲ. ಹಲ್ಲು ಹೊರಬಂದಾಗ ಮೊದಲು ಸುಣ್ಣದಂತಹ ಬಿಳಿಯ ಮಚ್ಚೆಗಳು, ಆಮೇಲೆ ಹಳದಿ, ಮತ್ತೆ ಕಂದು ಗೆರೆಗಳು, ತೀವ್ರವಾದರೆ ಕಪ್ಪು. ಈ ಬಣ್ಣ ಹಲ್ಲಿನ ಮೇಲೆ ಕೂತ ಕೊಳೆಯಲ್ಲ. ಹಲ್ಲಿನ ಮೈಯಲ್ಲೇ ಇದೆ. ಇದ್ದಿಲು, ಉಪ್ಪು, ಬೇವಿನಕಡ್ಡಿ, ಪೇಟೆಯ ಪೇಸ್ಟು ಯಾವುದರಿಂದ ತಿಕ್ಕಿದರೂ ಹೋಗುವುದಿಲ್ಲ. ‘ಹಲ್ಲುಜ್ಜಲು ಸೋಮಾರಿತನ’ ಎಂದು ಪರಊರಿನವರು ಆಡುವ ಮಾತಿಗೆ ಆಧಾರವೇ ಇಲ್ಲ. ಎಂಟು ವರ್ಷ ದಾಟಿದ ಮೇಲೆ ಇದೇ ನೀರನ್ನು ಕುಡಿಯಲು ಆರಂಭಿಸಿದವರ ಮುಂದಿನ ಹಲ್ಲುಗಳಲ್ಲಿ ಈ ಬಣ್ಣ ಕಾಣುವುದಿಲ್ಲ. ಹಾಗೆಯೇ ಬಾಲ್ಯವನ್ನು ಇಲ್ಲಿ ಕಳೆದು ಊರು ಬಿಟ್ಟವರ ಹಲ್ಲಿನಿಂದ ಅದು ಅಳಿಯುವುದೂ ಇಲ್ಲ. ಮಲೆನಾಡಿನಿಂದ ಪಾವಗಡಕ್ಕೆ ಸೊಸೆಯಾಗಿ ಬಂದವಳ ಹಲ್ಲು ಬೆಳ್ಳಗೆ, ಅವಳು ಹೆತ್ತ ಮಕ್ಕಳ ಹಲ್ಲು ಕಂದು. ಅದೇ ಮನೆಯಿಂದ ಹೊರಗೆ ಮದುವೆಯಾಗಿ ಹೋದ ಮಗಳ ಹಲ್ಲು ಕಂದು, ಅವಳ ಮಕ್ಕಳ ಹಲ್ಲು ಬೆಳ್ಳಗೆ. ಇದು ರಕ್ತದಿಂದ ಬರುವುದಲ್ಲ, ಅಂಟುವುದೂ ಅಲ್ಲ. ಬಾಲ್ಯದಲ್ಲಿ ಯಾವ ಊರಿನ ನೀರು ಕುಡಿದೆ ಎಂಬುದನ್ನು ಶರೀರವು ಬರೆದಿಟ್ಟುಕೊಂಡ ಅಕ್ಷರವಿದು. ವರ್ಣದ ಮೊದಲ ಎರಡು ಅರ್ಥಗಳೂ ಇಲ್ಲಿ ಒಂದಾಗಿವೆ.

ಇಂತಹ ಬರಹ ಈ ಸೀಮೆಯದು ಮಾತ್ರವೇ ಎಂದರೆ ಅಲ್ಲ. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ 1901ರಲ್ಲಿ ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ಅಲ್ಲಿ ಹುಟ್ಟಿದವರ ಹಲ್ಲುಗಳು ಕಂದಾಗಿರುವುದನ್ನು ಕಂಡು ಬೆರಗಾದರು. ಊರಿನವರು ಹಂದಿಯ ಮಾಂಸ, ಕೆಟ್ಟ ಹಾಲು ಎಂದು ಏನೇನೋ ಕಾರಣ ಹೇಳುತ್ತಿದ್ದರು. ಬ್ಲ್ಯಾಕ್ ಎಂಬ ಹಿರಿಯ ದಂತವಿಜ್ಞಾನಿಯ ಜೊತೆ ಸೇರಿ ಮೆಕೇ ಅವರು ಬಹಳ ವರ್ಷ ಹುಡುಕಿದರು. ದೊಡ್ಡವರಾದ ಮೇಲೆ ವಲಸೆ ಬಂದವರಿಗೆ ಈ ಕಲೆ ಬರುವುದಿಲ್ಲವೆಂಬುದು ಅವರ ಗಮನಕ್ಕೆ ಬಂತು. ಕಾರಣ ನೀರಿನ ಫ್ಲೋರೈಡ್ ಎಂಬುದು ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞರಿಂದ ಸ್ಪಷ್ಟವಾದದ್ದು 1931ರಲ್ಲಿ. ಭಾರತದಲ್ಲಿ ಈ ಬಾಧೆಯ ಮೊದಲ ವರದಿ 1937ರಲ್ಲಿ ಬಂದದ್ದು ನೆಲ್ಲೂರು ಸೀಮೆಯಿಂದ. ಸಿರಿವಂತ ದೇಶದ ಆ ಊರಿನ ಜನರೂ ಒಂದು ಕಾಲಕ್ಕೆ ಬಾಯಿ ಮುಚ್ಚಿ ನಗುತ್ತಿದ್ದಿರಬೇಕು.

ಬಾಯಿ ಮುಚ್ಚಿ ನಗುವ ವಿಚಾರವೇ ಈಗ ಮುಖ್ಯ. ನಾಲ್ಕೂ ತಾಲ್ಲೂಕುಗಳ ಬಾಧಿತ ಗ್ರಾಮಗಳಲ್ಲಿ ಹೆಣ್ಣುಮಕ್ಕಳು ನಗುವಾಗ ಸೆರಗಿನ ಅಥವಾ ದುಪಟ್ಟಾದ ಅಂಚು ತಾನಾಗಿಯೇ ಬಾಯಿಗೆ ಬರುತ್ತದೆ. ಗಂಡುಮಕ್ಕಳು ತುಟಿ ಬಿಗಿಹಿಡಿದು ಮಾತನಾಡುವುದನ್ನು ಕಲಿಯುತ್ತಾರೆ. ವಧೂವರರ ಭಾವಚಿತ್ರದಲ್ಲಿ ಹಲ್ಲನ್ನು ಬೆಳ್ಳಗಾಗಿಸುವುದು ಈಗ ಮೊಬೈಲಿನಲ್ಲೇ ಕ್ಷಣಮಾತ್ರದ ಕೆಲಸ. ಆ ಚಿತ್ರವನ್ನು ಕಂಡು ಬಂದ ಗಂಡಿನ ಕಡೆಯವರು ಹುಡುಗಿಯನ್ನು ಎದುರಿಗೆ ಕಂಡಾಗ ‘ಆಲೋಚಿಸಿ ತಿಳಿಸುತ್ತೇವೆ’ ಎಂದು ಎದ್ದು ಹೋಗುತ್ತಾರೆ. ಬಂದವರು ಯಾರು? ಅವರೂ ಲಿಂಗವಂತರೇ. ಹಣೆಯಲ್ಲಿ ವಿಭೂತಿಯಿದೆ, ಕೊರಳಲ್ಲಿ ಕರಡಿಗೆಯಿದೆ, ಬಸವ ಜಯಂತಿಯಂದು ವರ್ಣಭೇದವನ್ನು ಖಂಡಿಸುವ ಭಾಷಣಕ್ಕೆ ಚಪ್ಪಾಳೆ ತಟ್ಟಿದ ಕೈಗಳೇ ಇವು. ಜಾತಿಯನ್ನು ಕೇಳಲಿಲ್ಲ, ಉಪಪಂಗಡವನ್ನು ಸಹ ಕೇಳಲಿಲ್ಲ ಎಂದು ಹೆಮ್ಮೆಪಡುವವರೂ ನೀರು ಬರೆದ ಬಣ್ಣವನ್ನು ಕಂಡು ಹಿಂದೆ ಸರಿದರೆ, ಮುಂಬಾಗಿಲಿನಿಂದ ಹೊರಗೆ ಹೋದ ವರ್ಣವು ಹಿತ್ತಲ ಬಾಗಿಲಿನಿಂದ ಒಳಗೆ ಬಂದಂತಾಯಿತು.

ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ವಿವಾಹವನ್ನು ಪ್ರತಿಯೊಬ್ಬ ಭಕ್ತನೂ ಬಲ್ಲ. ಚರ್ಮದ ಕಾಯಕದ ಮನೆ ಒಂದು, ಬ್ರಾಹ್ಮಣ್ಯವನ್ನು ಬಿಟ್ಟು ಬಂದ ಮಂತ್ರಿಯ ಮನೆ ಇನ್ನೊಂದು. ಅದಕ್ಕಾಗಿ ಇಬ್ಬರೂ ತಂದೆಯರು ಪ್ರಾಣವನ್ನೇ ತೆತ್ತರು. ಆ ಮದುವೆಯನ್ನು ಪುರಾಣ ಪ್ರವಚನಗಳಲ್ಲಿ ಕೇಳಿ ಕಣ್ಣೀರು ಹಾಕುವುದು ಸುಲಭ. ಅದು ಎಂಟುನೂರು ವರ್ಷಗಳ ಹಿಂದಿನ ಬೇರೆಯವರ ಮನೆಯ ಮದುವೆ. ತನ್ನ ಮನೆಯ ಮದುವೆಯಲ್ಲಿ ಹುಡುಗಿಯ ಹಲ್ಲಿನ ಮೇಲಿನ ಎರಡು ಕಂದು ಗೆರೆಗಳನ್ನು ದಾಟಲಾರದವನು ಹರಳಯ್ಯನವರ ಹೆಸರನ್ನು ಯಾವ ಬಾಯಿಂದ ಹೇಳಬೇಕು? ಇದು ಕಟುವಾದ ಮಾತೆಂದು ಕೆಲವರಿಗೆ ತೋರಬಹುದು. ಶ್ರೀಮಠದ ಭಕ್ತರ ಮನೆಗಳಲ್ಲಿ ನಡೆಯದ ಸಂಗತಿಯಾಗಿದ್ದರೆ ಇಲ್ಲಿ ಬರೆಯಬೇಕಾಗಿರಲಿಲ್ಲ.

ಮುಚ್ಚಿಕೊಳ್ಳುವುದರ ಬಗೆಗೆ ಶರಣರಲ್ಲಿ ಒಂದು ಗಂಭೀರ ಚರ್ಚೆಯೇ ನಡೆದಿದೆ. ಉಡುಗೆಯನ್ನು ತೊರೆದು ಕೇಶದಿಂದ ಮೈಮರೆಸಿಕೊಂಡು ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯವರನ್ನು ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳು ಪ್ರಶ್ನಿಸಿದ ಸಂದರ್ಭವನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ನಿರೂಪಿಸುತ್ತದೆ. ಎಲ್ಲವನ್ನೂ ಬಿಟ್ಟವಳಿಗೆ ಕೂದಲಿನ ಮರೆಯೇಕೆ ಎಂಬುದು ಪ್ರಭುವಿನ ಪ್ರಶ್ನೆಯ ತಿರುಳು. ತನಗೆ ನಾಚಿಕೆಯಿದೆಯೆಂದಲ್ಲ, ನೋಡುವವರಿಗೆ ನೋವಾದೀತೆಂದು ಎಂಬುದು ಅಕ್ಕನ ಉತ್ತರದ ತಿರುಳು. ಆ ಉತ್ತರದಲ್ಲಿ ದೋಷ ಎಲ್ಲಿದೆಯೆಂಬುದು ಸ್ಪಷ್ಟವಾಗಿದೆ: ನೋಡಲ್ಪಡುವವಳಲ್ಲಲ್ಲ, ನೋಡುವ ಕಣ್ಣಿನಲ್ಲಿ. ಪಾವಗಡದ ಹುಡುಗಿಯೊಬ್ಬಳು ನಗುವಾಗ ಬಾಯಿಗೆ ಸೆರಗು ತಂದುಕೊಂಡರೆ ಅದು ಅವಳ ನಾಚಿಕೆಯಲ್ಲ. ಎದುರಿಗೆ ಕೂತವರ ಕಣ್ಣಿನ ಬಡತನವನ್ನು ಅವಳು ಮರೆಮಾಡುತ್ತಿದ್ದಾಳೆ. ವ್ಯಾಖ್ಯಾನಕಾರರು ಈ ಪ್ರಸಂಗವನ್ನು ಲಿಂಗಾಂಗ ಸಾಮರಸ್ಯದ ಎತ್ತರದಲ್ಲಿ ವಿವರಿಸುತ್ತಾರೆ, ಅದು ಯುಕ್ತವೇ. ಆದರೆ ಹೆಣ್ಣು ನೋಡುವ ಶಾಸ್ತ್ರದ ಚಾಪೆಯ ಮೇಲೂ ಅದಕ್ಕೆ ಅರ್ಥವುಂಟು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಹಲ್ಲಿಗೆ ಚಿಕಿತ್ಸೆ ಮಾಡಿಸಿಕೊಳ್ಳುವುದು, ಮೇಲೆ ತೆಳುವಾದ ಹೊದಿಕೆ ಹಾಕಿಸಿಕೊಳ್ಳುವುದು ಈಗ ಸಾಧ್ಯವಿದೆ. ಅದು ಶರೀರದ ವ್ಯಾಮೋಹವಲ್ಲವೇ, ಶರಣರು ಒಪ್ಪುವರೇ ಎಂದು ಕೆಲವು ಹಿರಿಯರು ಕೇಳುತ್ತಾರೆ. ಕಾಯವನ್ನು ದೇವರ ಗುಡಿಯೆಂದು ಬಗೆದ ಬಸವಣ್ಣನವರ ಪರಂಪರೆಯಲ್ಲಿ ಗುಡಿಯ ಗೋಡೆಗೆ ಸುಣ್ಣ ಬಳಿಯುವುದು ಪಾಪವಾಗಲಾರದು. ಕವಚ ದುರ್ಬಲವಾದ ಹಲ್ಲು ಬೇಗ ಚೂರಾಗುವುದುಂಟು. ಹಾಗಾದಾಗ ವೈದ್ಯರ ಬಳಿಗೆ ಹೋಗುವುದೇ ಸರಿ. ಮಡಿವಾಳ ಮಾಚಿದೇವರು ಶರಣರ ಬಟ್ಟೆಯ ಕೊಳೆಯನ್ನು ತೊಳೆದು ಮಡಿ ಮಾಡಿದವರು. ಕೊಳೆ ಹೋಗಲಿ ಎನ್ನುವುದು ಲೋಕಸಹಜ ಆಸೆ. ಆಕ್ಷೇಪಿಸಬೇಕಾದದ್ದು ಬೇರೆಯದನ್ನು. ಹಲ್ಲನ್ನು ಸರಿಪಡಿಸಿಕೊಂಡ ಮೇಲೆ ‘ನಮ್ಮದು ತುಮಕೂರು’ ಎಂದಷ್ಟೇ ಹೇಳಿ ಹಳ್ಳಿಯ ಹೆಸರನ್ನು ನುಂಗುವುದು, ಅಜ್ಜಿಯನ್ನು ಬೀಗರ ಮುಂದೆ ಬರಗೊಡದಿರುವುದು, ಮಕ್ಕಳಿಗೆ ಊರನ್ನೇ ತೋರಿಸದಿರುವುದು. ಹಲ್ಲಿನ ಬಣ್ಣ ಅಳಿಸಲು ಹೋಗಿ ಊರನ್ನೇ ಅಳಿಸುವ ಈ ಪ್ರವೃತ್ತಿ ಹೆಚ್ಚುತ್ತಿದೆ.

ಅದಕ್ಕೆ ವಿರುದ್ಧವಾದ ನೋಟವೂ ಉಂಟು. ಯಶವಂತಪುರದ ಬಸ್ ನಿಲ್ದಾಣದಲ್ಲೋ ಪೀಣ್ಯದ ಕಾರ್ಖಾನೆಯ ಬಾಗಿಲಲ್ಲೋ ಪರಿಚಯವಿಲ್ಲದ ಇಬ್ಬರು ಎದುರಾಗಿ ಒಬ್ಬ ನಕ್ಕರೆ, ಇನ್ನೊಬ್ಬ ‘ನಿಮ್ದು ಪಾವಗಡದ ಕಡೆಯೇನಣ್ಣ?’ ಎಂದು ಕೇಳುವುದುಂಟು. ಹೌದೆಂದರೆ ಮುಂದಿನ ಪ್ರಶ್ನೆ ಯಾವ ಹೋಬಳಿ, ಯಾರ ಮನೆ, ಮಳೆ ಹೇಗೆ. ಕೋಣೆ ಹುಡುಕಲು, ಕೆಲಸ ಕೊಡಿಸಲು ಆ ಒಂದು ನಗು ಸಾಕಾಗುತ್ತದೆ. ಮೂರು ಕಡೆ ಆಂಧ್ರಪ್ರದೇಶದಿಂದ ಸುತ್ತುವರಿದ ಆ ತಾಲ್ಲೂಕಿನ ಜನರನ್ನು ಅವರ ಮಾತಿನಿಂದ ಗುರುತಿಸುವುದು ಕಷ್ಟ, ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ನಗುವಿನಿಂದ ಗುರುತಿಸಬಹುದು. ಬಾಧೆಯೊಂದು ಬಂಧುತ್ವದ ಗುರುತಾಗುವುದು ಸಂತೋಷಪಡಬೇಕಾದ ಸಂಗತಿ ಎನ್ನಲಾಗದು. ಆದರೆ ಆ ಇಬ್ಬರ ನಡುವೆ ಸೆರಗು ಬೇಕಾಗಲಿಲ್ಲ ಎಂಬುದು ಸತ್ಯ.

ಹಲ್ಲಿನ ಬಣ್ಣ ಅಳಿಯದಿರುವ ಅದೇ ಪಾವಗಡದಲ್ಲಿ ನೆಲದ ಬಣ್ಣ ಅಳಿದುಹೋದದ್ದು ವಿಪರ್ಯಾಸ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯಲ್ಲಿ ಸೌರ ವಿದ್ಯುತ್ ಉದ್ಯಾನ ತಲೆಯೆತ್ತಿತು. 2018ರಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ಣಗೊಂಡ ಅದರ ಸಾಮರ್ಥ್ಯ 2,050 ಮೆಗಾವಾಟ್. ರೈತರಿಂದ ಭೂಮಿಯನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದದ್ದು ಅದರ ವಿಶೇಷ. ಮಳೆಯನ್ನು ನಂಬಿ ಕೆಟ್ಟವರಿಗೆ ಬಿಸಿಲು ಬಾಡಿಗೆ ತಂದುಕೊಟ್ಟಿತು; ಅದನ್ನು ಹೀಗಳೆಯುವುದು ಹೊಟ್ಟೆ ತುಂಬಿದವರ ಮಾತಾದೀತು. ಕೂಲಿಯನ್ನೇ ನಂಬಿದ ಭೂರಹಿತರಿಗೆ ಆ ಬಾಡಿಗೆ ಬರಲಿಲ್ಲ ಎಂಬುದನ್ನು ಮರೆಯುವುದೂ ಸಲ್ಲದು. ಇವೆಲ್ಲದರಾಚೆಗೆ ಉಳಿಯುವುದು ಬಣ್ಣದ ಪ್ರಶ್ನೆ. ಪಹಣಿಯಲ್ಲಿ ಹೆಸರು ತನ್ನದೇ, ಆದರೆ ಗುಡ್ಡದ ಮೇಲೆ ನಿಂತು ನೋಡಿದರೆ ತನ್ನ ಹೊಲ ಯಾವುದೆಂದು ತೋರಿಸಲಾಗದು. ಬದುವಿಲ್ಲ, ಬೇವಿನ ಮರವಿಲ್ಲ, ಕೆಂಪಿಲ್ಲ, ಹಸುರಿಲ್ಲ; ದಿಗಂತದವರೆಗೆ ಕಡುನೀಲಿಯ ಹಾಸು. ದೂರದಿಂದ ಬಂದವರು ಕೆರೆ ತುಂಬಿದೆಯೆಂದು ಭ್ರಮಿಸುವುದುಂಟಂತೆ. ತುಂಬಿದ ಕೆರೆಯನ್ನು ಕಾಣಲು ಹಂಬಲಿಸಿದ ಸೀಮೆಗೆ ಇಂತಹ ಭ್ರಮೆ!

ಬಯಲಿನಲ್ಲಿ ಬಯಲಾಗುವುದನ್ನು ಅಲ್ಲಮಪ್ರಭುಗಳು ಪರಮಸ್ಥಿತಿಯೆಂದರು. ಅಲ್ಲಿಗೆ ಗುರುತುಗಳೆಲ್ಲ ಕರಗಬೇಕು ನಿಜ. ಆದರೆ ಆ ಕರಗುವಿಕೆ ಒಳಗಿನಿಂದ, ತಾನಾಗಿ, ಅರಿವಿನಿಂದ ಆಗತಕ್ಕದ್ದು. ಬಡವನ ಗುರುತನ್ನು ಹೊರಗಿನವರು ಒರೆಸುವುದಕ್ಕೂ, ಹೊರಗಿನವರ ಹೀಯಾಳಿಕೆಗೆ ಹೆದರಿ ತಾನೇ ಒರೆಸಿಕೊಳ್ಳುವುದಕ್ಕೂ ಬಯಲೆಂಬ ಹೆಸರು ಸಲ್ಲದು.

ಉಳಿದದ್ದು ನೀರಿನ ಮಾತು. ಮಾನಸಿಕ ಪರಿವರ್ತನೆ ಆಗಲಿ ಎಂದು ಪ್ರವಚನ ಮಾಡಿ ಅದೇ ನೀರನ್ನು ಮಕ್ಕಳಿಗೆ ಕುಡಿಸುತ್ತಿದ್ದರೆ ದಾಸೋಹಕ್ಕೆ ಅರ್ಥವಿಲ್ಲ. ಶುದ್ಧ ಕುಡಿಯುವ ನೀರಿನ ಘಟಕಗಳು ಈಗ ಬಹುತೇಕ ಊರುಗಳಲ್ಲಿವೆ. ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಂಡು ಬರುತ್ತಾರೆ. ಆದರೆ ಆ ನೀರು ಚೊಂಬಿಗೆ ಮಾತ್ರ. ಮುದ್ದೆಯ ಎಸರು, ಸಾರು, ಚಹಾ ಇವಕ್ಕೆಲ್ಲ ನಲ್ಲಿಯ ಕೊಳವೆಬಾವಿ ನೀರೇ. ಕುದಿಸಿದರೆ ಫ್ಲೋರೈಡ್ ಹೋಗುತ್ತದೆಂಬ ನಂಬಿಕೆ ಹಲವರಲ್ಲಿದೆ. ಕುದಿಸಿದರೆ ನೀರು ಆವಿಯಾಗಿ ಉಳಿದ ನೀರಿನಲ್ಲಿ ಅದು ಇನ್ನಷ್ಟು ಹೆಚ್ಚುತ್ತದೆ. ಹಲ್ಲಿಗೆ ಮಾತ್ರವಲ್ಲ, ದೀರ್ಘಕಾಲ ಇಂತಹ ನೀರನ್ನು ಬಳಸಿದವರ ಕೀಲು ಬೆನ್ನುಗಳೂ ಬಿಗಿಯುತ್ತವೆ. ದೊಡ್ಡವರಾದ ಮೇಲೆ ಬಂದ ಸೊಸೆಯ ಬೆಳ್ಳನೆಯ ಹಲ್ಲು ಅವಳ ಮೊಣಕಾಲನ್ನು ಕಾಯುವುದಿಲ್ಲ. ಮಾಳಿಗೆಯ ಮೇಲೆ ಬಿದ್ದ ಮಳೆನೀರಿನಲ್ಲಿ ಈ ದೋಷವಿಲ್ಲ. ಮಠಗಳ, ಸಮುದಾಯಭವನಗಳ, ಕಲ್ಯಾಣಮಂಟಪಗಳ ವಿಶಾಲ ಛಾವಣಿಗಳಿಂದ ಹರಿದು ಚರಂಡಿ ಸೇರುವ ನೀರನ್ನು ತೊಟ್ಟಿಯಲ್ಲಿ ಹಿಡಿದರೆ ವರ್ಷದ ಹಲವು ತಿಂಗಳು ದಾಸೋಹದ ಅಡುಗೆಗೆ ಒದಗಬಹುದು. ಜಾತ್ರೆಯ ರಥಕ್ಕೆ ಹೊಸ ಬಣ್ಣ ಬಳಿಸಲು ಕಾಣಿಕೆ ಕೊಡುವ ಭಕ್ತರು ಒಂದು ವರ್ಷ ಅದನ್ನು ತೊಟ್ಟಿಗೆ ಕೊಟ್ಟರೆ ರಥಕ್ಕೇನೂ ಊನವಾಗದು. ಅಂಗನವಾಡಿಯ ಮತ್ತು ಶಾಲೆಯ ಬಿಸಿಯೂಟದ ಅಡುಗೆಗೆ ಯಾವ ನೀರು ಬಳಕೆಯಾಗುತ್ತಿದೆ ಎಂದು ಊರ ಹಿರಿಯರು ಹೋಗಿ ಕೇಳುವುದು ಅದಕ್ಕಿಂತ ಸುಲಭದ ಕೆಲಸ, ಅದಕ್ಕೆ ಖರ್ಚೂ ಇಲ್ಲ.

ತುಂಗಭದ್ರೆಯ ಹಿನ್ನೀರನ್ನು ಪಾವಗಡಕ್ಕೆ ತರುವ ಬಹುಗ್ರಾಮ ಕುಡಿಯುವ ನೀರಿನ ಯೋಜನೆ 2025ರ ಜುಲೈನಲ್ಲಿ ಪಾವಗಡದಲ್ಲಿ ಉದ್ಘಾಟನೆಗೊಂಡಿತು. ಆ ವರ್ಷ ಹುಟ್ಟಿದ ಮಗುವಿಗೆ ಬಾಯಿಯ ಮುಂದಿನ ಶಾಶ್ವತ ಹಲ್ಲುಗಳು ಮೂಡುವುದು 2032ರ ಸುಮಾರಿಗೆ. ಅಲ್ಲಿಯವರೆಗೆ ಆ ಮಗುವಿನ ಅನ್ನ ಯಾವ ನೀರಿನಲ್ಲಿ ಬೆಂದಿತೆಂಬುದನ್ನು ಆ ಹಲ್ಲುಗಳು ಹೇಳಲಿವೆ.